ನಡಿಗೆಯೋ, ಜಿಮ್ಮೋ? ಅನ್ನವೋ, ಮುದ್ದೆಯೋ? ತೂಕ ಇಳಿಸಹೊರಟವರಿಗೆ ಒಂದು ಹೋಲಿಕೆ

ತೂಕ ಇಳಿಸಬೇಕೆಂದು ಗಟ್ಟಿ ಮನಸ್ಸು ಮಾಡಿದವರು ಮೊದಲ ವಾರದಲ್ಲೇ ತಡವರಿಸುವುದು ಆಯ್ಕೆಗಳ ಮುಂದೆ. ಬೆಳಗಿನ ನಡಿಗೆ ಸಾಕೇ, ಜಿಮ್ಮಿಗೆ ಹಣ ಕಟ್ಟಬೇಕೇ? ಯೋಗದಿಂದ ಹೊಟ್ಟೆ ಕರಗುತ್ತದೆಯೇ? ಅನ್ನ ಬಿಟ್ಟು ಮುದ್ದೆ ಹಿಡಿಯಬೇಕೇ, ಚಪಾತಿಗೆ ಬದಲಾಗಬೇಕೇ, ರಾತ್ರಿಯ ಊಟವನ್ನೇ ಬಿಟ್ಟುಬಿಡಬೇಕೇ? ಅಕ್ಕಪಕ್ಕದವರನ್ನು ಕೇಳಿದರೆ ಪ್ರತಿಯೊಬ್ಬರೂ ತಮಗೆ ಒಗ್ಗಿದ ದಾರಿಯನ್ನೇ ಎಲ್ಲರಿಗೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ನಿಮ್ಮ ಮಂಡಿ, ನಿಮ್ಮ ಸಂಬಳ, ನಿಮ್ಮ ಮನೆಯ ಅಡುಗೆ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಡಿಗೆ, ಯೋಗ, ಜಿಮ್ಮುಗಳ ನಡುವಿನ ವ್ಯತ್ಯಾಸವಾಗಲಿ, ಅನ್ನ, ಮುದ್ದೆ, ಚಪಾತಿಗಳ ನಡುವಿನ ವ್ಯತ್ಯಾಸವಾಗಲಿ ನಾವು ವಾದ ಮಾಡುವಷ್ಟು ದೊಡ್ಡದಲ್ಲ. ನಮ್ಮ ಆಯ್ಕೆಗಳ ಪಟ್ಟಿಯಿಂದ ಎರಡು ಸಂಗತಿಗಳು ಸದಾ ಬಿಟ್ಟುಹೋಗುತ್ತವೆ: ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ಮತ್ತು ತಟ್ಟೆಯಲ್ಲಿ ಸಾಕಷ್ಟು ಪ್ರೋಟೀನ್. ಈ ಎರಡನ್ನು ಒಳಗೊಳ್ಳುವ ಯಾವ ದಾರಿಯೂ ಒಳ್ಳೆಯ ದಾರಿಯೇ. ಇವಿಲ್ಲದ ದಾರಿ ಎಷ್ಟೇ ಹೆಸರುವಾಸಿಯಾಗಿದ್ದರೂ ಅರ್ಧ ದಾರಿ.

ಯಾವ ಅಳತೆಗೋಲಿನಿಂದ ಅಳೆಯಬೇಕು?

ಮೊದಲನೆಯದು ಸೊಂಟದ ಸುತ್ತಳತೆ. ತೂಕದ ಯಂತ್ರ ನೀರು, ಸ್ನಾಯು, ಕೊಬ್ಬು ಎಲ್ಲವನ್ನೂ ಒಂದೇ ಅಂಕಿಯಲ್ಲಿ ತೋರಿಸುತ್ತದೆ. ನಮ್ಮವರ ತೊಂದರೆ ಇರುವುದು ಹೊಟ್ಟೆಯೊಳಗಿನ ಕೊಬ್ಬಿನಲ್ಲಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕ ಇಟ್ಟು ಇದನ್ನು ತೋರಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯರಿಗೂ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂಬುದಕ್ಕೆ ಇದೊಂದು ಚಿತ್ರ ಸಾಕು. ಅದಕ್ಕಾಗಿಯೇ ನಮಗೆ ಮಿತಿಗಳು ಬಿಗಿ: ಬಿಎಂಐ 23 ದಾಟಿದರೆ ಹೆಚ್ಚುತೂಕ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಇಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಉಸಿರು ಹೊರಗೆ ಬಿಟ್ಟ ಮೇಲೆ ಅಳೆಯಬೇಕು. ಪ್ಯಾಂಟಿನ ಸೈಜನ್ನು ನಂಬಬೇಡಿ. ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುತ್ತದೆ.

ಎರಡನೆಯದು, ಇಳಿಯುವ ತೂಕ ಯಾವುದರದು ಎಂಬುದು. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೂವತ್ತು ದಾಟಿದ ಮೇಲೆ ಸ್ನಾಯು ತಾನಾಗಿಯೇ ಪ್ರತಿ ದಶಕಕ್ಕೆ ಶೇ 3ರಿಂದ 8ರಷ್ಟು ಕಡಿಮೆಯಾಗುತ್ತದೆ. ಇದರ ಮೇಲೆ ಉಪವಾಸವೂ ಸೇರಿದರೆ, ತೂಕ ಮರಳಿ ಬಂದಾಗ ಬರುವುದು ಮುಖ್ಯವಾಗಿ ಕೊಬ್ಬು.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮದುವೆ, ಮಳೆ, ಪರೀಕ್ಷೆ, ತಿಂಗಳ ಕೊನೆ ಎಲ್ಲವೂ ಒಟ್ಟಿಗೆ ಬಂದ ವಾರದಲ್ಲೂ ಅದನ್ನು ಅರ್ಧದಷ್ಟಾದರೂ ಮಾಡಲು ಆಗುತ್ತದೆಯೇ? ಒಳ್ಳೆಯ ವಾರದಲ್ಲಿ ಎಲ್ಲ ಪದ್ಧತಿಗಳೂ ನಡೆಯುತ್ತವೆ. ಆಮೇಲೆ ಉಳಿದವು: ಹಣ, ಸಮಯ, ಮಂಡಿ ಮತ್ತು ಬೆನ್ನಿನ ಸ್ಥಿತಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು.

ಊಟವೋ, ವ್ಯಾಯಾಮವೋ?

ಎರಡರಲ್ಲಿ ಒಂದನ್ನೇ ಮಾಡಬಲ್ಲೆ ಎನ್ನುವವರು ಬಹಳ. ಅವರಿಗಾಗಿ ಒಂದು ಸಣ್ಣ ಲೆಕ್ಕ. 70 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120ರಿಂದ 150 ಕ್ಯಾಲೊರಿ ಖರ್ಚಾಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿರುವುದು ಸುಮಾರು 120 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 150 ಕ್ಯಾಲೊರಿ ದಾಟುತ್ತದೆ. ನಡೆದು ಬಂದವರು ಹೋಟೆಲಿನ ಮುಂದೆ ನಿಂತು ಒಂದು ಉದ್ದಿನ ವಡೆ ತಿಂದರೆ ನಡಿಗೆಯ ಲೆಕ್ಕ ಅಲ್ಲಿಗೇ ಮುಗಿಯಿತು. ಹಾಗಾಗಿ ತೂಕವನ್ನು ಕೆಳಗೆ ಇಳಿಸುವ ಕೆಲಸದಲ್ಲಿ ಊಟದ ಪಾಲು ದೊಡ್ಡದು.

ಇಳಿದ ತೂಕ ಇಳಿದಲ್ಲೇ ನಿಲ್ಲಬೇಕಾದರೆ ಮಾತು ಬದಲಾಗುತ್ತದೆ. ಅಮೆರಿಕದಲ್ಲಿ 1994ರಿಂದ ನಡೆಯುತ್ತಿರುವ ಒಂದು ರಾಷ್ಟ್ರೀಯ ನೋಂದಣಿಯಲ್ಲಿ, ಕನಿಷ್ಠ ಹದಿಮೂರೂವರೆ ಕಿಲೋ ಇಳಿಸಿ ಒಂದು ವರ್ಷವಾದರೂ ಕಾಪಾಡಿಕೊಂಡವರ ಅಭ್ಯಾಸಗಳನ್ನು ದಾಖಲಿಸುತ್ತಾರೆ. ಅವರಲ್ಲಿ ಶೇ 90ರಷ್ಟು ಮಂದಿ ದಿನಕ್ಕೆ ಸುಮಾರು ಒಂದು ಗಂಟೆ ಮೈ ದಂಡಿಸುತ್ತಾರೆ. ನಮ್ಮ ಪಕ್ಕದ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ವಿಷಯ ಹೇಳುತ್ತದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡಾಗ ಕಾಯಿಲೆಯ ಅಪಾಯ ಶೇ 28ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ. ಯಂತ್ರದ ಮುಳ್ಳು ಅಲುಗದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ವ್ಯಾಯಾಮವನ್ನು ಕೈಬಿಡುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ಇದು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅಥವಾ ಅದರ ಅರ್ಧದಷ್ಟು ಹೊತ್ತು ಏದುಸಿರು ಬರುವಂಥದ್ದು, ಇದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೊದಲ ಸಾಲನ್ನು ಎಲ್ಲರೂ ಓದುತ್ತಾರೆ. ಎರಡನೆಯದನ್ನು ಜಿಮ್ಮಿಗೆ ಹೋಗುವ ಹುಡುಗರಿಗೆ ಸೇರಿದ್ದೆಂದು ಬಿಟ್ಟುಬಿಡುತ್ತಾರೆ.

ನಡಿಗೆ

ಬಡವ, ಬಲ್ಲಿದ, ಮುದುಕ, ಬಾಣಂತಿ ಹೀಗೆ ಹೆಚ್ಚುಕಡಿಮೆ ಎಲ್ಲರಿಗೂ ಒಗ್ಗುವ ವ್ಯಾಯಾಮ ಇದೊಂದೇ. ಖರ್ಚೆಂದರೆ ಒಂದು ಜೊತೆ ಒಳ್ಳೆಯ ಶೂ. ಬೆಂಗಳೂರಿನ ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ, ಊರಿನ ಶಾಲೆಯ ಮೈದಾನ, ಯಾವುದಾದರೂ ನಡೆಯುತ್ತದೆ. ವೇಗ ಮುಖ್ಯ: ಜೊತೆಯವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡು ಸರಾಗವಾಗಿ ಬರುತ್ತಿದ್ದರೆ ಅದು ಅಡ್ಡಾಡುವುದು. ಮನಸ್ಸಿಗೆ ಒಳ್ಳೆಯದು, ಸೊಂಟಕ್ಕೆ ಸಾಲದು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ಕೊರಗುವವರಿಗೆ ಒಂದು ಸಮಾಧಾನ. ಆ ಅಂಕಿ ಹುಟ್ಟಿದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಾಗ, ಯಾವ ವೈದ್ಯರ ಪ್ರಯೋಗದಿಂದಲೂ ಅಲ್ಲ. ಇತ್ತೀಚಿನ ಅಧ್ಯಯನಗಳು ಏಳು ಸಾವಿರದ ಆಸುಪಾಸಿನಲ್ಲೇ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ ಎಂದು ತೋರಿಸಿವೆ. ಬೆಳಿಗ್ಗೆ ಬಿಡುವಿಲ್ಲದವರು ಮೂರು ಊಟಗಳ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಸಾಕು. ಊಟದ ನಂತರ ಏರುವ ಸಕ್ಕರೆಯನ್ನು ಹಿಡಿದು ನಿಲ್ಲಿಸುವುದರಲ್ಲಿ ಈ ತುಂಡು ನಡಿಗೆ ಬೆಳಗಿನ ಒಂದೇ ದೊಡ್ಡ ನಡಿಗೆಗಿಂತ ಮೇಲು.

ಕೊರತೆ ಏನೆಂದರೆ, ನಡಿಗೆ ತೋಳು, ಬೆನ್ನು, ಎದೆಗೆ ಕೆಲಸ ಕೊಡುವುದಿಲ್ಲ. ಕಾಲಿನ ಸ್ನಾಯುವನ್ನು ಕೂಡ ಒಂದು ಹಂತದ ನಂತರ ಬೆಳೆಸುವುದಿಲ್ಲ. ವರ್ಷಗಟ್ಟಲೆ ತಪ್ಪದೆ ನಡೆದವರೂ ನೆಲದ ಮೇಲೆ ಕೂತರೆ ಕೈಯೂರದೆ ಏಳಲಾರರು ಎಂಬುದನ್ನು ಯಾವ ಮದುವೆ ಮನೆಯ ಪಂಕ್ತಿಯಲ್ಲಾದರೂ ನೋಡಬಹುದು.

ಜಿಮ್

ಭಾರ ಎತ್ತುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಐದು ಕಿಲೋ ಹಗುರವೆನಿಸಿದ ದಿನ ಏಳೂವರೆ ಕೈಗೆ ಸಿಗುತ್ತದೆ. ಸ್ನಾಯು ಬೆಳೆಯುವುದು ಹೀಗೆ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿದಾಗಲೇ. ಶುಲ್ಕ ಊರಿಗೊಂದು, ಬಡಾವಣೆಗೊಂದು: ತಿಂಗಳಿಗೆ ಏಳೆಂಟು ನೂರರಿಂದ ಮೂರು ನಾಲ್ಕು ಸಾವಿರದವರೆಗೆ. ವರ್ಷದ್ದನ್ನು ಒಮ್ಮೆಗೇ ಕಟ್ಟಿದರೆ ಅಗ್ಗ ಎನ್ನುತ್ತಾರೆ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆಯೇ ಕಟ್ಟಿ, ನೀವು ಹೋಗುತ್ತೀರಿ ಎಂಬುದು ಖಚಿತವಾಗಲಿ. ಮನೆಯಿಂದ ಹತ್ತು ನಿಮಿಷಕ್ಕಿಂತ ದೂರವಿದ್ದರೆ, ಎಷ್ಟೇ ಒಳ್ಳೆಯದಿದ್ದರೂ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದು ಉಳಿಯುವುದು ಕಷ್ಟ.

ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ದಪ್ಪ ತೋಳು ಬರುತ್ತದೆ ಎಂಬ ಹೆದರಿಕೆಯನ್ನು ದಯವಿಟ್ಟು ಬಿಡಿ. ಆ ಬೆಳವಣಿಗೆಗೆ ಬೇಕಾದ ಟೆಸ್ಟೋಸ್ಟಿರಾನ್ ಹಾರ್ಮೋನು ಹೆಂಗಸರಲ್ಲಿ ತೀರಾ ಕಡಿಮೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವ ಕಾರಣ ಭಾರದ ವ್ಯಾಯಾಮ ನಿಜವಾಗಿ ಹೆಚ್ಚು ಬೇಕಾದದ್ದು ಅವರಿಗೇ. ನಲವತ್ತೈದರ ಗೃಹಿಣಿಗೂ ಇಪ್ಪತ್ತೈದರ ಹುಡುಗನಿಗೂ ಜಿಮ್ಮಿನ ಶುಲ್ಕ ಒಂದೇ, ಲಾಭ ಆಕೆಗೆ ಹೆಚ್ಚು.

ತರಬೇತುದಾರರ ವಿಷಯದಲ್ಲಿ ಎಚ್ಚರವಿರಲಿ. ಮೊದಲ ದಿನವೇ ಮೈ ಅಲುಗಾಡದಷ್ಟು ನೋವು ಬರಿಸುವವರು, ಬಂದ ವಾರವೇ ಪುಡಿಯ ಡಬ್ಬಿ ಮಾರಲು ನೋಡುವವರು ಇಬ್ಬರಿಂದಲೂ ದೂರ ಇರಿ.

ಮನೆಯಲ್ಲೇ ಮಾಡುವ ಬಲದ ವ್ಯಾಯಾಮ

ನನ್ನನ್ನು ಒಂದೇ ಒಂದನ್ನು ಆರಿಸಿ ಕೊಡು ಎಂದರೆ ನಡಿಗೆಯ ಜೊತೆಗೆ ಇದನ್ನು ಕೊಡುತ್ತೇನೆ. ಹಳೇ ಮೈಸೂರಿನ ಗರಡಿ ಮನೆಗಳಲ್ಲಿ ದಂಡೆ, ಬಸ್ಕಿ ಹೊಡೆದು ಮೈ ಹುರಿಗೊಳಿಸಿದವರ ಬಳಿ ಯಂತ್ರಗಳಿರಲಿಲ್ಲ. ಇಂದಿಗೂ ದಸರಾ ಕುಸ್ತಿಯ ಪೈಲ್ವಾನರ ದಿನ ಶುರುವಾಗುವುದು ಬಸ್ಕಿಯಿಂದಲೇ. ಅಷ್ಟು ಹೊಡೆಯಬೇಕಾಗಿಲ್ಲ. ಶುರು ಮಾಡುವುದು ಹೀಗೆ.

ಗಟ್ಟಿಯಾದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಭುಜದಗಲ ಕಾಲು, ಎದೆಯ ಮೇಲೆ ಅಡ್ಡ ಕೈ. ಮನಸ್ಸಿನಲ್ಲಿ ಮೂರು ಎಣಿಸುವಷ್ಟು ನಿಧಾನವಾಗಿ ಕೂರಿ, ಕೂತು ಒರಗದೆ ತಕ್ಷಣ ಏಳಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿಗಳು ಒಳಗೆ ಬಾಗಬಾರದು. ಎಂಟು ಸಲ ಮಾಡಿ ಒಂದು ನಿಮಿಷ ವಿಶ್ರಾಂತಿ. ಇಂಥ ಮೂರು ಸುತ್ತು. ಹನ್ನೆರಡು ಸಲ ಸಲೀಸಾದ ದಿನ ಎರಡು ಕಿಲೋ ಅಕ್ಕಿಯ ಚೀಲವನ್ನು ಎದೆಗೆ ಅವುಚಿಕೊಂಡು ಮಾಡಿ. ಆಮೇಲೆ ಐದು ಕಿಲೋ. ಕೊನೆಗೆ ಕುರ್ಚಿಯನ್ನೇ ತೆಗೆದುಬಿಡಿ. ಎದೆ, ತೋಳುಗಳಿಗೆ ಗೋಡೆಗೆ ಕೈಕೊಟ್ಟು ತಳ್ಳುವುದು. ಅದು ಹಗುರವಾದಾಗ ಅಡುಗೆಮನೆಯ ಕಟ್ಟೆ, ಅದೂ ಹಗುರವಾದಾಗ ನೆಲದ ಮೇಲಿನ ದಂಡೆ. ಬೆನ್ನಿಗೆ ಎಳೆಯುವ ಕೆಲಸ ಬೇಕು: ಒಂದು ಕೈಯನ್ನು ಮಂಚಕ್ಕೆ ಊರಿ, ಬೆನ್ನು ನೆಟ್ಟಗಿಟ್ಟು ಬಗ್ಗಿ, ಇನ್ನೊಂದು ಕೈಯಿಂದ ಅರ್ಧ ಬಕೆಟ್ ನೀರನ್ನು ಪಕ್ಕೆಯವರೆಗೆ ಎಳೆಯಿರಿ. ಅರ್ಧ ಬಕೆಟ್ ಎಂದರೆ ಏಳೆಂಟು ಕಿಲೋ ಆಗುತ್ತದೆ, ಮೊದಲಿಗೆ ಕಾಲು ಬಕೆಟ್ ಸಾಕು. ಇಡೀ ಸರಣಿಗೆ ಇಪ್ಪತ್ತೈದು ನಿಮಿಷ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು.

ಇದರ ದೌರ್ಬಲ್ಯ ಒಂದೇ. ನೋಡುವವರು, ಕರೆಯುವವರು ಯಾರೂ ಇರುವುದಿಲ್ಲ. ಹಾಗಾಗಿ ದಿನ ಮತ್ತು ಹೊತ್ತನ್ನು ಮನೆಯವರಿಗೆಲ್ಲ ಹೇಳಿಟ್ಟು ಮಾಡುವುದು ಒಳ್ಳೆಯದು. ಹಿಮ ಬೀಳುವ ತಿಂಗಳುಗಳಲ್ಲಿ ಹೊರಗೆ ಕಾಲಿಡಲಾಗದ ಅಮೆರಿಕ, ಕೆನಡಾದ ಕನ್ನಡಿಗರಿಗೂ ನಾನು ಹೇಳುವುದು ಇದನ್ನೇ.

ಯೋಗ, ಈಜು, ಆಟ

ಇಂದಿನ ಯೋಗಕ್ಕೆ ಕರ್ನಾಟಕವೂ ಒಂದು ತವರು. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿದ ವಿದ್ಯೆ ಪಟ್ಟಾಭಿ ಜೋಯಿಸ್ ಮತ್ತು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರ ಮೂಲಕ ಜಗತ್ತನ್ನು ಸುತ್ತಿತು. ಆದರೆ ತೂಕದ ದೃಷ್ಟಿಯಿಂದ ಎಲ್ಲ ಯೋಗವೂ ಒಂದೇ ಅಲ್ಲ. ಬಿಡದೆ ಮಾಡುವ ಸೂರ್ಯ ನಮಸ್ಕಾರ ಅಥವಾ ಅಷ್ಟಾಂಗ ಸರಣಿ ಬೆವರಿಳಿಸುತ್ತದೆ. ಪ್ರಾಣಾಯಾಮ ಮತ್ತು ನಿಧಾನದ ಆಸನಗಳು ನಿದ್ದೆಗೆ ಒಳ್ಳೆಯದು, ರಕ್ತದೊತ್ತಡಕ್ಕೆ, ಒತ್ತಡ ಹೆಚ್ಚಾದಾಗ ಡಬ್ಬಿಯ ಕೋಡುಬಳೆಗೆ ಹೋಗುವ ಕೈಗೆ ಕಡಿವಾಣ. ನಮಸ್ಕಾರದಲ್ಲಿ ತಳ್ಳುವುದಿದೆ, ಎಳೆಯುವುದಿಲ್ಲ. ಯೋಗವನ್ನೇ ಆರಿಸುವವರು ವಾರಕ್ಕೆರಡು ದಿನ ಆ ಬಕೆಟ್ಟನ್ನೂ ಎತ್ತಲಿ. ಬೆನ್ನುಹುರಿಯ ತೊಂದರೆ ಇರುವವರು ಮುಂದೆ ಬಾಗುವ ಆಸನಗಳನ್ನೂ, ರಕ್ತದೊತ್ತಡ ಹೆಚ್ಚಿರುವವರು ಶೀರ್ಷಾಸನವನ್ನೂ ಗುರುವಿಲ್ಲದೆ ಮಾಡಬಾರದು.

ಮಂಡಿ ನೋವಿದ್ದು, ತೂಕ ತುಂಬ ಹೆಚ್ಚಿದ್ದರೆ ಈಜಿಗೆ ಸಮನಾದದ್ದಿಲ್ಲ. ಕೊಳ ಹತ್ತಿರವಿದ್ದು ಶುಲ್ಕ ಎಟುಕಿದರೆ ಮಾತ್ರ. ಇಲ್ಲದಿದ್ದರೆ ಸೈಕಲ್. ಶಟಲ್ ಬ್ಯಾಡ್ಮಿಂಟನ್ ಖುಷಿ ಕೊಡುತ್ತದೆ, ಆದರೆ ವರ್ಷಗಟ್ಟಲೆ ಕೂತವರು ನೇರವಾಗಿ ಅಂಕಣಕ್ಕೆ ಇಳಿದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವೋ ಮಂಡಿಯೋ ಕೈಕೊಡುತ್ತದೆ. ಎರಡು ತಿಂಗಳು ಬಸ್ಕಿ ಮಾಡಿ ಆಮೇಲೆ ಇಳಿಯಿರಿ.

ಈಗ ತಟ್ಟೆಗೆ: ಅನ್ನ, ಮುದ್ದೆ, ರೊಟ್ಟಿ, ಚಪಾತಿ

ಒಣ ಧಾನ್ಯದ ಲೆಕ್ಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕ ನೋಡಿದರೆ ಆಶ್ಚರ್ಯವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಗೋಧಿ ಹಿಟ್ಟಿನಲ್ಲೂ ಸುಮಾರು ಅಷ್ಟೇ, ಜೋಳದಲ್ಲಿ 335ರ ಹತ್ತಿರ, ಬಿಳಿ ಅಕ್ಕಿಯಲ್ಲಿ 355. ಅಂದರೆ ಅಕ್ಕಿಗೂ ರಾಗಿಗೂ ಇರುವ ಅಂತರ ಎರಡು ಚಮಚ ಸಕ್ಕರೆಯಷ್ಟು. ನಾರಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿದೆ: ರಾಗಿ, ಜೋಳ, ಗೋಧಿ ಮೂರರಲ್ಲೂ 10ರಿಂದ 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ, 100 ಗ್ರಾಮಿಗೆ 350 ಮಿಲಿಗ್ರಾಂ ದಾಟುತ್ತದೆ. ಪ್ರೋಟೀನಿನಲ್ಲಿ ರಾಗಿ ಹಿಂದೆ: 7 ಗ್ರಾಂ, ಜೋಳ ಮತ್ತು ಗೋಧಿ 10.

ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ನಂಬಿ ಎರಡು ಮುದ್ದೆ ಇಳಿಸುವವರಿದ್ದಾರೆ. ನುಣ್ಣಗೆ ಬೀಸಿದ ಹಿಟ್ಟು ಯಾವ ಧಾನ್ಯದ್ದಾದರೂ ಬೇಗ ಅರಗುತ್ತದೆ, ಮುದ್ದೆಯನ್ನಂತೂ ನಾವು ಅಗಿಯದೆ ನುಂಗುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಕ್ಕರೆ ಕಾಯಿಲೆ ಕುರಿತ ದೇಶವ್ಯಾಪಿ ಇಂಡಿಯಾಬ್ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ನಮ್ಮವರ ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದಿಟ್ಟ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು ಕಾಳು, ಹಾಲು, ಮೊಟ್ಟೆ, ಮೀನಿನ ಪ್ರೋಟೀನಿಗೆ ಬಿಟ್ಟುಕೊಟ್ಟವರಲ್ಲಿ ಅಪಾಯ ಕಡಿಮೆ ಇತ್ತು. ಸಿರಿಧಾನ್ಯವನ್ನು ಇಂದಿಗೂ ನಿತ್ಯದ ಊಟವಾಗಿ ಉಳಿಸಿಕೊಂಡಿರುವ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. ಆದ್ದರಿಂದ ಈ ಮಾತು ನಮಗೆ ಮುಖ್ಯ.

ಧಾನ್ಯವನ್ನು ಅದರ ಜೊತೆಗಾರನನ್ನು ನೋಡಿ ಆರಿಸಿ ಎಂಬುದು ನನ್ನ ಸಲಹೆ. ಮುದ್ದೆಗೆ ಹುರುಳಿಕಾಳಿನ ಸಾರು, ಬಸ್ಸಾರು, ಅವರೆಕಾಳಿನ ಹುಳಿ ಇದ್ದರೆ ಮುದ್ದೆ ಗೆಲ್ಲುತ್ತದೆ. ಜೋಳದ ರೊಟ್ಟಿಗೆ ಮಡಿಕೆಕಾಳಿನ ಪಲ್ಯ, ಹಸಿ ಸೊಪ್ಪು, ಮೊಸರು ಇದ್ದರೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ರೊಟ್ಟಿಯನ್ನು ಅಗಿಯಬೇಕು, ಹೊಟ್ಟೆ ತುಂಬಿದ್ದು ತಿಳಿಯುವಷ್ಟು ಹೊತ್ತು ಸಿಗುತ್ತದೆ, ಎಣ್ಣೆಯೂ ಬೇಡ. ಕರಾವಳಿಯ ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಬಂಗುಡೆಯೋ ಬೂತಾಯಿಯೋ ಇದ್ದರೆ ಅನ್ನವನ್ನು ದೂರುವ ಕಾರಣವೇ ಇಲ್ಲ. ಬಿಳಿ ಅನ್ನ, ತಿಳಿ ಸಾರು, ಹಪ್ಪಳ ಎಂಬ ಊಟ ಮಾತ್ರ ಎಲ್ಲ ಅಳತೆಯಲ್ಲೂ ಸೋಲುತ್ತದೆ. ಎಣ್ಣೆ ಸವರಿದ ನಾಲ್ಕು ಚಪಾತಿ ಮತ್ತು ಆಲೂಗಡ್ಡೆ ಪಲ್ಯ ಅದಕ್ಕಿಂತ ಮೇಲೇನೂ ಅಲ್ಲ.

ಪ್ರೋಟೀನ್, ಎಣ್ಣೆ

ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 50 ಗ್ರಾಂ. ತೂಕ ಇಳಿಸುತ್ತಿರುವವರು ಕಿಲೋಗೆ ಒಂದು ಗ್ರಾಂ ಅಥವಾ ತುಸು ಹೆಚ್ಚು ಇಟ್ಟುಕೊಂಡರೆ ಸ್ನಾಯು ಉಳಿಯುತ್ತದೆ. ನಮ್ಮ ಸಸ್ಯಾಹಾರಿ ಮನೆಯ ಒಂದು ದಿನವನ್ನು ಕೂಡಿ ನೋಡಿ: ನಾಲ್ಕು ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ಸಾರು ಮಜ್ಜಿಗೆ, ಎರಡು ಕಾಫಿ, ರಾತ್ರಿ ಎರಡು ಚಪಾತಿ ಪಲ್ಯ. ಎಷ್ಟು ಉದಾರವಾಗಿ ಎಣಿಸಿದರೂ ನಲವತ್ತು ಗ್ರಾಂ ಮುಟ್ಟುವುದು ಕಷ್ಟ.

ತುಂಬಿಸುವುದು ದುಬಾರಿಯಲ್ಲ. ಒಂದು ಹಿಡಿ ಒಣ ಹೆಸರುಕಾಳನ್ನು ಮೊಳಕೆ ಕಟ್ಟಿ ತಿಂದರೆ 7 ಗ್ರಾಂ ಸಿಗುತ್ತದೆ. ಸಾರಿನ ಬೇಳೆಯನ್ನು ಎರಡರಷ್ಟು ಮಾಡಿ ಗಟ್ಟಿ ಹುಳಿ ಮಾಡಿದರೆ ಇನ್ನೊಂದು 4 ಗ್ರಾಂ, ಒಂದು ಬಟ್ಟಲು ಮೊಸರಿಗೆ 6, ಎರಡು ಮೊಟ್ಟೆಗೆ 12. ಹುರುಳಿಯಲ್ಲಿ ಶೇ 22ರಷ್ಟು, ಸೋಯಾ ತುಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಇದೆ. ಕಡಲೆಬೀಜವೂ ಒಳ್ಳೆಯದೇ, ಆದರೆ ಅದರಲ್ಲಿ ಅರ್ಧದಷ್ಟು ಎಣ್ಣೆ, ಒಂದು ಹಿಡಿಗೆ ನಿಲ್ಲಿಸಬೇಕು. ಅಂಗಡಿಯ ಪ್ರೋಟೀನ್ ಪುಡಿ ಹಾಳೇನಲ್ಲ. ಬೇಯಿಸಲು ಸಮಯವಿಲ್ಲದವರಿಗೆ ಅನುಕೂಲ, ಅಷ್ಟೇ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಎಣ್ಣೆಯ ಲೆಕ್ಕಕ್ಕೆ ಚಮಚ ಹಿಡಿದು ಕೂರುವುದು ಯಾರಿಗೂ ಆಗದ ಕೆಲಸ. ಪೊಟ್ಟಣ ಕತ್ತರಿಸಿದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ನಾಲ್ಕು ಜನರ ಮನೆಗೆ ತಲೆಗೆ ದಿನಕ್ಕೆ 20 ಗ್ರಾಮಿನಂತೆ ತಿಂಗಳಿಗೆ ಎರಡೂವರೆ ಲೀಟರಿನ ಆಸುಪಾಸು ಸಾಕು. ನಾಲ್ಕು ಲೀಟರ್ ಮುಗಿಯುತ್ತಿದ್ದರೆ ಯಾವ ವ್ಯಾಯಾಮವೂ ಅದನ್ನು ಸರಿದೂಗಿಸಲಾರದು.

ಹೊತ್ತು ನೋಡಿ ತಿನ್ನುವುದು, ಪಿಷ್ಟ ಬಿಡುವುದು, ಚುಚ್ಚುಮದ್ದು

ಎಂಟು ಗಂಟೆಯೊಳಗೆ ತಿಂದು ಹದಿನಾರು ಗಂಟೆ ಉಪವಾಸ ಇರುವ ಪದ್ಧತಿಯನ್ನು ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಒಟ್ಟು ಕ್ಯಾಲೊರಿ ಒಂದೇ ಇದ್ದಾಗ, ಹೊತ್ತಿನ ಕಟ್ಟು ಹಾಕಿಕೊಂಡವರಿಗೂ ಇಡೀ ದಿನ ಹಂಚಿ ತಿಂದವರಿಗೂ ತೂಕದಲ್ಲಿ ವ್ಯತ್ಯಾಸ ಬರಲಿಲ್ಲ. ಆದರೂ ಕೆಲವರಿಗೆ ಇದು ಹೇಳಿಮಾಡಿಸಿದಂತಿದೆ. ರಾತ್ರಿ ಟಿ.ವಿ. ಮುಂದೆ ಕೈ ಬಾಯಿ ನಿಲ್ಲದವರಿಗೆ, ಎಂಟರ ಮೇಲೆ ಏನೂ ಇಲ್ಲ ಎಂಬ ಒಂದೇ ನಿಯಮ ನೂರು ಲೆಕ್ಕಕ್ಕಿಂತ ಸುಲಭ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರನ್ನು ಕೇಳಿಯೇ ಮಾಡಬೇಕು. ಗರ್ಭಿಣಿಯರು, ಹಾಲೂಡಿಸುವವರು ಇದರ ತಂಟೆಗೇ ಹೋಗಬಾರದು.

ಪಿಷ್ಟವನ್ನು ಪೂರ್ತಿ ತ್ಯಜಿಸುವ ಪದ್ಧತಿ ಮಾಂಸಾಹಾರಿಗಳಿಗೇ ಕಷ್ಟ ಮತ್ತು ದುಬಾರಿ. ಸಸ್ಯಾಹಾರಿಗಳಿಗೆ ಉಳಿಯುವುದು ಪನೀರ್ ಮತ್ತು ಬೀಜಗಳು. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 609 ಜನರನ್ನು ಒಂದು ವರ್ಷ ನೋಡಿದಾಗ ಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಲೆಕ್ಕಕ್ಕೆ ಹಿಡಿಯುವಂಥ ಅಂತರವಲ್ಲ. ತಟ್ಟೆಯ ಅನ್ನವನ್ನು ಮೂರನೇ ಒಂದು ಪಾಲು ತಗ್ಗಿಸಿ ಅಲ್ಲಿ ಕಾಳು, ತರಕಾರಿ ಇಡುವುದು ವರ್ಷಗಟ್ಟಲೆ ನಡೆಯುತ್ತದೆ.

2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ಅಂಗಡಿಗಳಿಗೂ ಬಂದಿವೆ. ಪರಿಣಾಮ ನಿಜ: ಅವುಗಳಲ್ಲೊಂದಾದ ಸೆಮಗ್ಲುಟೈಡ್ ಮದ್ದಿನ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಪಾಲು ಮರಳಿತು. ಬಿಎಂಐ ಬಹಳ ಹೆಚ್ಚಿದ್ದು ಸಕ್ಕರೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇರುವವರು ತಜ್ಞರ ಬಳಿ ಕೇಳುವುದು ತಪ್ಪಲ್ಲ. ಮದುವೆಗೆ ಮುನ್ನ ಐದು ಕಿಲೋ ಇಳಿಸಲು ಇದು ದಾರಿಯಲ್ಲ. ತೆಗೆದುಕೊಳ್ಳುವವರಿಗೂ ಕಾಳು ಮತ್ತು ಬಸ್ಕಿ ತಪ್ಪಿದ್ದಲ್ಲ, ಏಕೆಂದರೆ ಹಸಿವು ಸತ್ತಾಗ ಸ್ನಾಯುವೂ ಹೋಗುತ್ತದೆ.

ನಿಮಗೆ ಯಾವುದು?

ಕೈಯಲ್ಲಿ ಹಣವಿಲ್ಲ, ಸಮಯವಿದೆ: ದಿನಕ್ಕೆ ಮುಕ್ಕಾಲು ಗಂಟೆ ನಡಿಗೆ, ವಾರಕ್ಕೆ ಮೂರು ದಿನ ಮನೆಯ ಬಲದ ವ್ಯಾಯಾಮ, ಹುರುಳಿ ಮತ್ತು ಮೊಟ್ಟೆ. ಇದಕ್ಕಿಂತ ದುಬಾರಿಯಾದ ಯಾವ ಯೋಜನೆಯೂ ಇದನ್ನು ಸುಲಭವಾಗಿ ಸೋಲಿಸಲಾರದು.

ಹಣವಿದೆ, ಸಮಯವಿಲ್ಲ: ಕಚೇರಿಯ ಪಕ್ಕದ ಜಿಮ್ಮು, ವಾರಕ್ಕೆರಡು ದಿನ ನಲವತ್ತು ನಿಮಿಷ, ಉಳಿದ ದಿನ ಊಟದ ನಂತರದ ತುಂಡು ನಡಿಗೆ. ರಾತ್ರಿ ಪಾಳಿಯವರು ನಿದ್ದೆಯನ್ನು ಕದ್ದು ವ್ಯಾಯಾಮ ಮಾಡುವುದು ಬೇಡ. ನಿದ್ದೆ ಕೆಟ್ಟ ದಿನ ಹಸಿವು ಹೆಚ್ಚುತ್ತದೆ. ಪಾಳಿಗೆ ಮುನ್ನ ಗಟ್ಟಿ ಊಟ, ನಡುರಾತ್ರಿ ಬಿರಿಯಾನಿಯ ಬದಲು ಮೊಸರು, ಹುರಿಗಡಲೆ.

ಮಂಡಿ ನೋವಿನ ಐವತ್ತು ದಾಟಿದ ಹೆಂಗಸರು ನಡಿಗೆಯಿಂದ ಶುರು ಮಾಡಬೇಡಿ. ಮೊದಲ ತಿಂಗಳು ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿ ಬಸ್ಕಿ, ಗೋಡೆ ತಳ್ಳುವುದು, ಸಿಕ್ಕರೆ ಸೈಕಲ್. ಜೊತೆಗೆ ಊಟದ ತಿದ್ದುಪಡಿ. ಮಂಡಿ ಸವೆದವರಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆ. ಮೂರು ಕಿಲೋ ಇಳಿದ ಮೇಲೆ ನಡೆಯಲು ಹೊರಟರೆ ಮಂಡಿ ಸಹಕರಿಸುತ್ತದೆ.

ಹೊಲದಲ್ಲಿ, ಕಟ್ಟಡದಲ್ಲಿ ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮ ಬೇಕಿಲ್ಲ. ಅವರ ತಟ್ಟೆಗೆ ಬೇಕಾದದ್ದು ಕಾಳು, ಮೊಟ್ಟೆ. ಎದೆ ನೋವು, ನಡೆದಾಗ ಉಸಿರು ಕಟ್ಟುವುದು, ಹತೋಟಿಗೆ ಬಾರದ ಸಕ್ಕರೆ ಇರುವವರು ಮೊದಲು ವೈದ್ಯರ ಬಳಿ ಹೋಗಿ, ಆಮೇಲೆ ಶೂ ಕೊಳ್ಳಿ.

ಯಾವುದನ್ನು ಆರಿಸಿದರೂ ಹನ್ನೆರಡು ವಾರ ಬದಲಿಸಬೇಡಿ. ತೂಕವನ್ನು ವಾರಕ್ಕೊಮ್ಮೆ, ಸೊಂಟವನ್ನು ಹದಿನೈದು ದಿನಕ್ಕೊಮ್ಮೆ ಬರೆದಿಡಿ. ವಾರಕ್ಕೆ ಅರ್ಧ ಕಿಲೋ ಇಳಿಯುತ್ತಿದ್ದರೆ ಸಾಕು. ತೂಕ ನಿಂತಿದ್ದು ಸೊಂಟ ಇಳಿಯುತ್ತಿದ್ದರೆ ಏನನ್ನೂ ಮುಟ್ಟಬೇಡಿ, ಕೊಬ್ಬು ಹೋಗಿ ಸ್ನಾಯು ಬರುತ್ತಿದೆ. ತೂಕ ಇಳಿಯುತ್ತಿದ್ದು ಕುರ್ಚಿಯಿಂದ ಏಳುವುದು ಮೊದಲಿಗಿಂತ ಕಷ್ಟವಾಗುತ್ತಿದ್ದರೆ ಊಟ ತೀರಾ ಕಡಿಮೆಯಾಗಿದೆ, ಕಾಳು ಹೆಚ್ಚಿಸಿ. ಎರಡೂ ಅಲುಗದಿದ್ದರೆ ಎಣ್ಣೆಯ ಪೊಟ್ಟಣದ ದಿನಾಂಕ, ಕಾಫಿಯ ಸಕ್ಕರೆ, ರಾತ್ರಿಯ ಅನ್ನ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಅವೂ ಸರಿಯಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ತೂಕ ಹೆಚ್ಚಿಸುವಂಥದ್ದು ಯಾವುದಾದರೂ ಇದೆಯೇ ಎಂದು ವೈದ್ಯರನ್ನು ಕೇಳಿ.